ಮೈಲುತುತ್ತಿನ ತೊಟ್ಟಿಗೆ ಮಾವನ ಗುಳ

ನಮ್ಮತ್ತೆಗೆ ಸಿಟ್ಟು ಬಂದರೆ ಬೈಯೋದಿಲ್ಲ, ನೀರು ಮುಟ್ಟೋದು ಬಿಡ್ತಾಳೆ.

ಗೂಡಲೂರಿನಾಚೆ ನಮ್ಮ ಯಜಮಾನರದು ಮೈಲುತುತ್ತಿನ ಶೆಡ್ಡು. ತಾಮ್ರದ ಚೂರನ್ನ ಆಸಿಡ್ಡಿನಲ್ಲಿ ಕರಗಿಸಿ ನೀಲಿ ಹರಳು ತೆಗೀತಾರೆ. ದ್ರಾಕ್ಷಿ ಬೆಳೆಯೋರು ಅದನ್ನ ಸುಣ್ಣದ ಜೊತೆ ಕಲಸಿ ರೋಗ ಬರದಂಗೆ ಬಳ್ಳಿಗೆ ಹೊಡೀತಾರೆ. ಹರಳು ತೊಳೆದ ನೀರು ಹಿಂದಿನ ಗುಂಡಿಗೆ ಹೋಗ್ತಿತ್ತು. ಗುಂಡಿಯಂಚಿನ ಹುಲ್ಲು ಸುಟ್ಟುಹೋಯ್ತು. ಬೇಲಿಯಾಚೆ ಅತ್ತೆಯ ಬಾವಿ. ಅದರ ನೀರು ಕುಡಿಯೋ ಹಸು ದೇವರ ಮಂದೆಗೆ ಬಿಡ್ತೀನಂತ ಅತ್ತೆ ಹರಕೆ ಹೊತ್ತದ್ದು.

"ಈ ಗುಂಡಿ ಮುಚ್ಚೋಗಂಟ ನಿನ್ನ ಮನೇಲಿ ನೀರು ಮುಟ್ಟಾಕಿಲ್ಲ" ಅಂದಳು ಮಗನಿಗೆ.

ಪಕ್ಕದ ಮನೆಯಿಂದ ದಿನಾ ಬರೋಳು, ಕೈಯಲ್ಲಿ ತನ್ನದೇ ಚೊಂಬು. ಉಣ್ಣೋಳು, ಸಾರಿಗೆ ಉಪ್ಪು ಕಮ್ಮಿ ಅನ್ನೋಳು. ಸಾರಲ್ಲೂ ನೀರೈತಲ್ಲ ಅಂತ ಕೆಣಕಿದರೆ, ಅದು ಬೇಳೆಗೆ ಸೇರಿದ್ದು ಅನ್ನೋಳು. ನಗು ಬರ್ತಿತ್ತು ನನಗೆ. ಇವರು ಮಾತ್ರ ಅರ್ಧ ಊಟಕ್ಕೇ ಎದ್ದುಹೋಗೋರು.

ಕೊನೆಗೆ ಇವರು ಗುಂಡಿ ಮುಚ್ಚಿಸಿ ಸಿಮೆಂಟಿನ ತೊಟ್ಟಿ ಕಟ್ಟಿಸಿದರು. ಅದು ಕೆಲಸ ಮಾಡೋದು ಕಣ್ಣಾರೆ ಕಾಣೋಗಂಟ ಚೊಂಬು ಬಿಡಾಕಿಲ್ಲ ಅಂದಳು ಅತ್ತೆ. ನೀಲಿ ನೀರಲ್ಲಿ ಕಬ್ಬಿಣ ಮುಳುಗಿಸಿದರೆ ಕಬ್ಬಿಣ ಕರಗಿ ತಾಮ್ರ ತಳಕ್ಕೆ ಕೂರುತ್ತೆ. ತಾಮ್ರ ಮತ್ತೆ ಆಸಿಡ್ಡಿಗೆ, ಉಳಿದ ನೀರಿಗೆ ಸುಣ್ಣ ಹಾಕಿ ತಿಳಿ ಮಾಡಿದರೆ ಅದು ಮತ್ತೆ ಹರಳು ತೊಳೆಯೋಕೆ. ಆದರೆ ಗುಜರಿ ಕಬ್ಬಿಣಕ್ಕೆಲ್ಲ ಬಣ್ಣ, ಗ್ರೀಸು. ನೀಲಿ ನೀರು ಕಬ್ಬಿಣಕ್ಕೆ ತಾಗಲೇ ಇಲ್ಲ. ನಮ್ಮ ಓಣಿಯವರ ಅಟ್ಟದ ತುಂಬ ಒಳ್ಳೇ ಕಬ್ಬಿಣ ಇತ್ತು, ಸವೆದ ಕುಡುಗೋಲು, ಗುದ್ದಲಿ. ಬೇಸಾಯದ ಕಬ್ಬಿಣ ಲಕ್ಷ್ಮಿ, ಹೊಸ್ತಿಲು ದಾಟಿಸಬಾರದು ಅಂತ ಯಾರೂ ಕೊಡಲಿಲ್ಲ. ತೊಟ್ಟಿ ತುಂಬ್ತಾ ಬಂತು. ಇನ್ನೆರಡು ವಾರ ಹಿಂಗೇ ಹೋದರೆ ಶೆಡ್ಡಿಗೆ ಬೀಗ ಅಂದರು ಇವರು.

ಮಾರನೇ ದಿನ ಅತ್ತೆ ಬಂದಳು. ದಿನಾ ಚೊಂಬಿರೋ ಕೈಯಲ್ಲಿ ಅವತ್ತು ಮಾವನ ನೇಗಿಲ ಗುಳ, ಹಳೇ ಕುಂಕುಮ ಹಾಗೇ ಇತ್ತು. ಮಾವ ಹೋದ ಮೇಲೆ ಅದನ್ನ ಯಾರಿಗೂ ಮುಟ್ಟಗೊಟ್ಟವಳಲ್ಲ. ಬೇಡ ಅತ್ತೆ, ಕರಗಿಹೋಗುತ್ತೆ ಅಂತ ಅಡ್ಡ ನಿಂತೆ.

"ಅವರೂ ಸವೆದೇ ಹೋದೋರು ಕಣವ್ವ. ಬುಡು."

ತಾನೇ ತೊಟ್ಟಿಗೆ ಇಳಿಬಿಟ್ಟಳು. ದೊಡ್ಡೋಳೇ ಕೊಟ್ಟ ಮೇಲೆ ಮಿಕ್ಕವರದೇನು? ಸಂಜೆಯೊಳಗೆ ಓಣಿಯ ಅಟ್ಟಗಳೆಲ್ಲ ಖಾಲಿ.

ವಾರ ಕಳೆದು ತಳ ಬಾಚಿದಾಗ ತಾಮ್ರದ ಕೆಂಪು ಕೆಸರು ಸಿಕ್ಕಿತು. ಗುಳ ಇರಲಿಲ್ಲ. ಇವರು ಆ ಕೆಸರನ್ನ ಬೊಗಸೆಯಲ್ಲಿ ಹಿಡಿದು ಅಪ್ಪಾ ಅಂತ ಅಲ್ಲೇ ಕೂತುಬಿಟ್ಟರು. ಅತ್ತೆ ಸೆರಗಲ್ಲಿ ಮಗನ ಮುಖ ಒರೆಸಿದಳು. ಆಮೇಲೆ ನನ್ನ ಕಡೆ ತಿರುಗಿ, ಗಂಟಲು ಒಣಗೈತೆ, ನಿಮ್ಮನೆ ನೀರು ತಾ ಅಂದಳು.