ಅಕಿನೊ ಕೋಟೆಯ ಹೊತ್ತು ಕಾಯುವ ತೋಯೊ

ಕೋಟೆಗುಡ್ಡದ ಮೇಲೆ ಇನ್ನೂ ಮಸುಕು. ಗಂಟೆಗೋಪುರದ ನಲವತ್ತಮೂರು ಮೆಟ್ಟಿಲು ಹತ್ತಿ ಬಂದ ತೋಯೊ ಅಜ್ಜಿ ಬಲಗೈಯನ್ನು ಮುಖದ ಮುಂದೆ ಚಾಚಿ, ಅಂಗೈಯ ಗೆರೆ ಕಾಣುವವರೆಗೆ ಕಾಯುತ್ತಾರೆ. ಆಮೇಲೆ ನಡುಪಟ್ಟಿಯಿಂದ ಪುರಸಭೆಯ ಗಡಿಯಾರ ತೆಗೆದು ನೋಡುತ್ತಾರೆ.

"ನನ್ನ ಕೈಗೆ ಬೆಳಗಾಯ್ತು. ಈ ಮಹರಾಯನಿಗೆ ಇನ್ನೂ ಎರಡು ಗಳಿಗೆ ಬೇಕಂತೆ."

ಮುಳ್ಳು ಆರಕ್ಕೆ ಬಂದಾಗ ಹಗ್ಗ ಎಳೆದು, ಗಂಟೆಗೆ ಬಡಿಯುವ ತೂಗುದಿಮ್ಮಿಯನ್ನು ಬಿಡುತ್ತಾರೆ. ಆರು ಪೆಟ್ಟು. ಒಂದರ ದನಿ ಪೂರ್ತಿ ಆರಿದ ಮೇಲೆಯೇ ಇನ್ನೊಂದು.

ದೊರೆಯ ಕಾಲದಲ್ಲಿ ಹಗಲಿಗೆ ಆರು ಪಾಲು, ಇರುಳಿಗೆ ಆರು ಪಾಲು. ಬೇಸಿಗೆಯಲ್ಲಿ ಹಗಲಿನ ಪಾಲು ಹಿಗ್ಗುತ್ತಿತ್ತು, ಚಳಿಗಾಲದಲ್ಲಿ ಇರುಳಿನದು. "ಹಿಮ ಬಿದ್ದಾಗ ದಣಿದವರು ಇನ್ನಷ್ಟು ಮಲಗ್ತಿದ್ರು. ಈಗ ಹೊತ್ತು ಯಾರಿಗೋಸ್ಕರಾನೂ ಹಿಗ್ಗಲ್ಲ" ಎನ್ನುತ್ತಾರೆ ಅರವತ್ತಾರರ ಅಜ್ಜಿ.

ಗಂಟೆ ಬಾರಿಸುವುದು ಗಂಡ ಗೆನ್‌ಪಾಚಿಯ ಮನೆತನದ ಕೆಲಸ. ಹೆಂಗಸರು ಗೋಪುರಕ್ಕೆ ಕಾಲಿಡುವಂತಿರಲಿಲ್ಲ. ದೊರೆ ಕೋಟೆ ಬಿಟ್ಟುಕೊಟ್ಟು ಟೋಕಿಯೊಗೆ ಹೊರಟ ವರ್ಷವೇ ಗೆನ್‌ಪಾಚಿ ರಕ್ತ ಕೆಮ್ಮತೊಡಗಿದರು. "ಗಂಟೆ ನಿಂತ್ರೆ ಕೆಲಸಕ್ಕೆ ಕೊಟ್ಟ ಮನೆ ಬಿಡಿಸ್ತಾರೆ ಕಣೇ" ಎಂದರು. ತೋಯೊ ಗಂಡನ ಅಂಗಿ ತೊಟ್ಟು, ತಲೆಗೆ ಅವರದೇ ಬಟ್ಟೆ ಬಿಗಿದು ಹತ್ತಿದರು. ಗಂಡ ಹಾಸಿಗೆಯಲ್ಲೇ ಕಿವಿಗೊಟ್ಟು ತಿದ್ದುತ್ತಿದ್ದರು: "ಮೂರನೇದಕ್ಕೆ ಏನು ಅವಸರ ಇತ್ತು ನಿಂಗೆ?" ನಾಲ್ಕು ತಿಂಗಳು ಊರಿಗೆ ಸುಳಿವೇ ಹತ್ತಲಿಲ್ಲ.

ಗೆನ್‌ಪಾಚಿಯ ಶವದ ಮೆರವಣಿಗೆ ದೇವಾಲಯ ಮುಟ್ಟುವ ಹೊತ್ತಿಗೆ ಸಂಜೆಯ ಗಂಟೆ ಮೊಳಗಿತು. ಜನ ಮುಖ ಮುಖ ನೋಡಿಕೊಂಡರು. ಬಾರಿಸುವವನು ಪೆಟ್ಟಿಗೆಯಲ್ಲಿದ್ದಾನೆ. ಹೆಂಡತಿ ಮೆರವಣಿಗೆಯಲ್ಲಿಲ್ಲ.

ಹಿರಿಯರು ಸಿಟ್ಟಿನಿಂದ ಗುಡ್ಡ ಹತ್ತಿದರು. ಸೂತಕದ ಹೆಂಗಸು ಗೋಪುರ ಕೆಡಿಸಿದಳೆಂದು ಕೂಗಾಡಿದರು. ಅವರನ್ನು ತಡೆದದ್ದು ಕೋಟೆಬಾಗಿಲು ಕಾಯುತ್ತಿದ್ದ ಸಮುರಾಯ್ ಇಸೊಗಾಯಿ. "ನಾಲ್ಕು ತಿಂಗಳಿಂದ ನಾನು ಬಾಗಿಲು ತೆಗೆದದ್ದು ಇವಳ ಗಂಟೆ ಕೇಳಿ. ತಪ್ಪು ಅನ್ನೋದಾದ್ರೆ ಮೊದಲು ನನ್ನನ್ನ ಕೇಳಿ." ಎರಡು ಕತ್ತಿ ಸಿಕ್ಕಿಸಿಕೊಂಡವನನ್ನು ಕೇಳುವ ಧೈರ್ಯ ಯಾರಿಗಿತ್ತು? ಕೆಲಸ ತೋಯೊಗೇ ಉಳಿಯಿತು.

ಸರ್ಕಾರದ ಅಪ್ಪಣೆಯಿಂದ ಆ ಕತ್ತಿಗಳೂ ಹೋದವು. ಇಸೊಗಾಯಿ ಕೊನೆಗಾಲದಲ್ಲಿ ಹೊಟ್ಟೆಪಾಡಿಗೆ ಕಾಗದದ ಕೊಡೆ ಕಟ್ಟಿದರು. ಕೋಟೆಯ ಮರದ ಬುರುಜುಗಳು ಸೌದೆಯಾದವು. ಒಮ್ಮೆ ಸರ್ಕಾರ ಪಂಚಾಂಗವನ್ನೇ ಬದಲಿಸಿ, ಹನ್ನೆರಡನೇ ತಿಂಗಳು ಎರಡೇ ದಿನಕ್ಕೆ ಮುಗಿಯಿತೆಂದು ಸಾರಿತು. "ಹಬ್ಬದ ಕಡುಬಿಗೆ ಅಕ್ಕೀನೂ ನೆನೆಹಾಕಿರ್ಲಿಲ್ಲ, ಹೊಸ ವರ್ಷ ಬಂದು ಬಾಗಿಲಲ್ಲಿ ನಿಂತ್ಬಿಡ್ತು" ಎಂದು ಅಜ್ಜಿ ಇವತ್ತಿಗೂ ನಗುತ್ತಾರೆ. ಆ ವರ್ಷವೇ ಹಗಲಿರುಳಿನ ಪಾಲುಗಳು ಹೋಗಿ ಗಡಿಯಾರದ ಲೆಕ್ಕ ಬಂತು. ಅಂಕಿ ಓದಲು ಬಾರದ ಅವರು ಮುಳ್ಳಿನ ಓರೆ ನೋಡಿಯೇ ಕಲಿತರು.

ಇಪ್ಪತ್ತಾರು ವರ್ಷಗಳಿಂದ ದಿನಕ್ಕೆ ಮೂರು ಸಲ ಹತ್ತಿಳಿಯುತ್ತಿದ್ದಾರೆ. ಬರುವ ಶರತ್ಕಾಲದಿಂದ ರೇಷ್ಮೆ ಗಿರಣಿಯ ಉಗಿಸೀಟಿಯೇ ಊರಿಗೆ ಹೊತ್ತು ಹೇಳಲಿದೆ. ಗಂಟೆಯನ್ನು ಕರಗಿಸದೆ ಅಲ್ಲೇ ತೂಗಬಿಟ್ಟರೆ ಸಾಕು ಎಂಬುದಷ್ಟೇ ಅಜ್ಜಿಯ ಬೇಡಿಕೆ. ಸೀಟಿಯ ಮೇಲೆ ಸಿಟ್ಟಿಲ್ಲವೇ ಎಂದರೆ, ಹಗ್ಗವನ್ನು ಸುತ್ತಿ ಮೊಳೆಗೆ ಸಿಕ್ಕಿಸುತ್ತಾ ಕೆಳಗಿನ ಗಿರಣಿಯತ್ತ ನೋಡುತ್ತಾರೆ.

"ಅದು ಕೂಗಿದ್ರೆ ಜನ ಓಡ್ತಾರಪ್ಪ. ನನ್ನ ಗಂಟೆ ಕೇಳಿ ಒಬ್ಬರೂ ಓಡಿದ್ದಿಲ್ಲ."