ಮುಕ್ಕಾಲು ಮೀಟರ್

ಆಗ ನನಗೆ ಐವತ್ತೆರಡು. ಇದೆಲ್ಲ ನಡೆದು ಇಪ್ಪತ್ತೆಂಟು ವರ್ಷವಾಯಿತು. ಮೊನ್ನೆ ಪಿನ್ನು ಹುಡುಕಲು ಹಳೆಯ ಬಿಸ್ಕತ್ತಿನ ಡಬ್ಬಿ ಸುರಿದರೆ ಒಂದು ಅಳತೆ ಟೇಪು ಬಿತ್ತು. ಹಳದಿ ಬಣ್ಣದ್ದು. ತುದಿಯ ತಗಡಿಗೆ ತುಕ್ಕು ಹಿಡಿದಿದೆ, ಮೈಯೆಲ್ಲ ಅಂಟಂಟು. ಅದು ನನ್ನದೇ ಟೇಪು. ನನಗೆ ಹೊಲಿಯಲು ಬರುವುದಿಲ್ಲ, ಆಗಲೂ ಬರುತ್ತಿರಲಿಲ್ಲ. ಮತ್ತೆ ಟೇಪು ಏಕೆ ಕೊಂಡೆ ಎಂದರೆ, ಪಕ್ಕದ ಮನೆಯವಳ ಕಳ್ಳತನ ಹಿಡಿಯಲು.

ನಮ್ಮದು ಚಾಮರಾಜಪೇಟೆಯ ಒಂದು ಅಡ್ಡರಸ್ತೆ. ನನ್ನ ಗಂಡ ಕಲಾಸಿಪಾಳ್ಯದಲ್ಲಿ ತೆಂಗಿನಕಾಯಿ ಮಂಡಿ ಇಟ್ಟಿದ್ದರು. ಪಕ್ಕದ ಮನೆಗೆ ಬಾಡಿಗೆಗೆ ಬಂದವರು ಒಬ್ಬ ಶಾಲೆಯ ಗುಮಾಸ್ತರು, ಅವರ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಎರಡು ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಗೆ ಒತ್ತಿಕೊಂಡು ಅವಳು ಹೊಲಿಗೆ ಮಿಷನ್ನು ಇಟ್ಟಿದ್ದಳು. ಅವಳು ಕಾಲಾಡಿಸಿದರೆ ನನ್ನ ಅಡಿಗೆಮನೆಯ ತಟ್ಟೆಗಳು ನಡುಗುತ್ತಿದ್ದವು. ನನ್ನ ಬಟ್ಟೆ ಹೊಲಿಯಲು ಕೊಟ್ಟ ದಿನ ನಾನು ಗೋಡೆಗೆ ಕಿವಿಯಿಟ್ಟು ಕೂತಿರುತ್ತಿದ್ದೆ. ಮಿಷನ್ನಿನ ಸದ್ದು ಕೇಳುತ್ತಿತ್ತು. ಕತ್ತರಿಯ ಸದ್ದು ಮಾತ್ರ ಗೋಡೆ ದಾಟುವುದಿಲ್ಲ. ನನಗೆ ಬೇಕಾಗಿದ್ದದ್ದು ಅದು.

ಅವಳ ಮಂಚದ ಕೆಳಗೆ ಮೂರು ಟ್ರಂಕು. ಮೂರರಲ್ಲೂ ಹೊಲಿಯದ ಬಟ್ಟೆ. ವಾಯಿಲ್, ಪಾಪ್ಲಿನ್, ಮಲ್ಲು, ಚಿಕ್ಕಪೇಟೆಯ ಕಟ್ ಪೀಸು, ರವಿಕೆ ಕಣಗಳು... ವರ್ಷಕ್ಕೆ ಎರಡು ಸಲ ತಾರಸಿಯಲ್ಲಿ ಚಾಪೆ ಹಾಸಿ ಬಿಸಿಲಿಗೆ ಹರವುತ್ತಿದ್ದಳು. ಇಡೀ ತಾರಸಿ ನುಸಿ ಗುಳಿಗೆಯ ವಾಸನೆ. ನಾನು ಹಪ್ಪಳ ಕಾಯುವ ನೆಪದಲ್ಲಿ ಕೂತು ಒಂದೊಂದು ತುಂಡನ್ನೂ ನೋಡುತ್ತಿದ್ದೆ. ಆ ಮನೆಯವರು ಅಂಗಡಿಯಿಂದ ಸಿದ್ಧ ಉಡುಪು ತಂದದ್ದನ್ನು ನಾನು ಕಾಣೆ. ಮಕ್ಕಳ ಲಂಗ, ಗಂಡನ ಪೈಜಾಮ, ದಿಂಬಿನ ಚೀಲ, ಕಿಟಕಿಯ ಪರದೆ, ಎಲ್ಲ ಆ ಟ್ರಂಕಿನಿಂದಲೇ ಹುಟ್ಟುತ್ತಿದ್ದವು. ಒಂದು ವರ್ಷ ಪೈಜಾಮಕ್ಕೂ ಪರದೆಗೂ ಒಂದೇ ಬಟ್ಟೆ. ಗುಮಾಸ್ತರು ಕಿಟಕಿಯ ಪಕ್ಕ ನಿಂತರೆ ಸೊಂಟದಿಂದ ಮೇಲೆ ಮಾತ್ರ ಕಾಣುತ್ತಿದ್ದರು.

ಗುಮಾಸ್ತನ ಸಂಬಳದಲ್ಲಿ ಮೂರು ಟ್ರಂಕು ಬಟ್ಟೆ ಎಲ್ಲಿಂದ ಬಂತು? ನನಗೆ ಅನುಮಾನ ಅಲ್ಲಿಂದ ಶುರುವಾಯಿತು. ಬೀದಿಯ ಹೆಂಗಸರಿಗೆಲ್ಲ ಅವಳು ರವಿಕೆ ಹೊಲಿದುಕೊಡುತ್ತಿದ್ದಳು. ಕೂಲಿ ಕೇಳುತ್ತಿರಲಿಲ್ಲ. ನಾನು ಎರಡು ತೆಂಗಿನಕಾಯಿ ಕೊಟ್ಟರೆ, ಒಂದು ಸಾಕು ಎಂದು ಇನ್ನೊಂದನ್ನು ವಾಪಸು ಕೊಡುತ್ತಿದ್ದಳು. ಕೂಲಿ ಕೇಳದೆ ಕೆಲಸ ಮಾಡುವವರನ್ನು ನಾನು ಮಂಡಿಯಲ್ಲಿ ಕಂಡಿದ್ದೆ. ಸಂಜೆ ಅಂಥವರ ಚೀಲ ಬಿಚ್ಚಿಸಿದರೆ ಒಳಗೆ ನಾಲ್ಕು ಕಾಯಿ ಇರುತ್ತಿದ್ದವು. ಇವಳೂ ಅಷ್ಟೇ, ಒಬ್ಬೊಬ್ಬರ ಬಟ್ಟೆಯಲ್ಲಿ ಗೇಣು ಗೇಣು ಉಳಿಸಿಕೊಂಡು ಟ್ರಂಕು ತುಂಬುತ್ತಿದ್ದಾಳೆ ಎಂದು ತೀರ್ಮಾನ ಮಾಡಿದೆ.

ನನ್ನ ಗಂಡ ನಗುತ್ತಿದ್ದರು. "ತುಂಡು ಬಟ್ಟೆ ಕದ್ದು ಅವಳೇನು ಮಹಡಿ ಕಟ್ಸ್ತಾಳೇನೆ?"

"ಮೂರ್ ಟ್ರಂಕ್ ಕಟ್ಟಿದಾಳಲ್ಲ, ಸಾಲ್ದಾ?" ಎಂದೆ.

ಗಾಂಧಿ ಬಜಾರಿಗೆ ಹೋಗಿ ಟೇಪು ತಂದದ್ದು ಆಗಲೇ. ಓದು ಬರಹ ನನಗೆ ಅಷ್ಟಕ್ಕಷ್ಟೆ, ಆದರೆ ಅಂಕಿ ಗೊತ್ತಿತ್ತು. ಬಟ್ಟೆ ಕೊಡುವ ಮುಂಚೆ ಅಳೆಯುವುದು, ಹೊಲಿದು ಬಂದ ರವಿಕೆಯನ್ನು ನೆಲದ ಮೇಲೆ ಹರಡಿ ಮತ್ತೆ ಅಳೆಯುವುದು. ತೋಳು, ಬೆನ್ನು, ಪಟ್ಟಿ ಎಲ್ಲ ಕೂಡಿಸಿದರೂ ಲೆಕ್ಕ ಸೇರುತ್ತಿರಲಿಲ್ಲ. ಕೊನೆಗೆ ಒಂದು ಉಪಾಯ ಹೂಡಿದೆ. ಬಟ್ಟೆಯನ್ನೇ ಕಡಿಮೆ ತರುವುದು. ಉಳಿದರೆ ತಾನೆ ಕದಿಯುವುದು?

ಮೈದುನನ ಮಗಳ ಮದುವೆ ಬಂತು. ಸೀರೆಗೆ ಸರಿಹೊಂದುವ ಕುಂಕುಮದ ಬಣ್ಣದ ಬಟ್ಟೆ ಕೊಳ್ಳಲು ಹೋದೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮಗೆ ಒಂದು ಮೀಟರ್ ಬೇಕಾಗುತ್ತಮ್ಮ" ಎಂದ.

"ನನ್ನ ಮೈ ನನಗ್ ಗೊತ್ತು. ಮುಕ್ಕಾಲು ಕೊಡಪ್ಪ."

ಆ ಮುಕ್ಕಾಲು ಮೀಟರನ್ನೂ ಒಂದು ಹಳೆಯ ಅಳತೆ ರವಿಕೆಯನ್ನೂ ಅವಳಿಗೆ ಕೊಟ್ಟೆ. ಅವಳು ಬಟ್ಟೆಯನ್ನು ನೋಡಲೇ ಇಲ್ಲ. ಹಳೆಯ ರವಿಕೆಯನ್ನು ಬೆಳಕಿಗೆ ಹಿಡಿದು ಎಡ ಕಂಕುಳಿನ ಹೊಲಿಗೆಯನ್ನು ಬೆರಳಿನಿಂದ ಸವರಿದಳು. ಅಲ್ಲಿ ಹೊಲಿಗೆ ಬಿಟ್ಟುಹೋಗಿತ್ತು. ನಾನೇ ಎರಡು ಸಲ ಕೈಯಲ್ಲಿ ಹೇಗೋ ಹೊಲಿದುಕೊಂಡಿದ್ದೆ.

"ಅಕ್ಕ, ಈ ಅಳತೆ ಆಗಲ್ಲ. ಮೈ ಮೇಲೆ ತಗೊಳ್ಬೇಕು. ಒಳಗೆ ಬನ್ನಿ."

"ನಾಲ್ಕು ವರ್ಷದಿಂದ ಆದ ಅಳತೆ ಈಗ್ಯಾಕೆ ಆಗಲ್ಲ?"

"ಎಡಗಡೆ ಹಿಡೀತಿದೆ."

"ಹಿಡಿದ್ರೆ ಹಿಡೀಲಿ. ಇದೇ ಅಳತೇಗೆ ಹೊಲಿ" ಎಂದು ಬಂದುಬಿಟ್ಟೆ. ಇನ್ನು ಕಾಲು ಮೀಟರ್ ತನ್ನಿ ಎನ್ನಲು ಇದು ಪೀಠಿಕೆ ಎಂದು ನನಗೆ ಖಾತ್ರಿಯಾಗಿತ್ತು. ಅವಳು ಬಿಡಲಿಲ್ಲ. ಮಾರನೆಯ ದಿನ ನಲ್ಲಿಯ ಹತ್ತಿರ ಕೇಳಿದಳು, "ಒಂದ್ ನಿಮಿಷ ಬಂದ್ಬಿಡಿ ಅಕ್ಕ." ಆಮೇಲೆ ಮಗಳನ್ನು ಕಳಿಸಿದಳು. ನಾನು ಹೋಗಲಿಲ್ಲ. ಇಷ್ಟು ಬೆನ್ನುಬಿದ್ದಿದ್ದಾಳೆ ಎಂದರೆ ಏನೋ ಮಸಲತ್ತು ಇದೆ ಎಂದೇ ಅಂದುಕೊಂಡೆ...

ಮದುವೆಗೆ ಮೂರು ದಿನ ಇರುವಾಗ ರವಿಕೆ ಬಂತು. ತಿರುವಿ ನೋಡಿದೆ. ಎಡ ಕಂಕುಳಿನ ಕೆಳಗೆ ಮೂರು ಬೆರಳಗಲದ ತೇಪೆ. ಬೇರೆ ಬಟ್ಟೆ. ಬಣ್ಣ ಹತ್ತಿರ ಹತ್ತಿರ ಅದೇ, ಆದರೆ ಒಂದು ಚೂರು ಕಪ್ಪು. ಬಲಗಡೆ ಇಲ್ಲ, ಎಡಗಡೆ ಮಾತ್ರ. ನನಗೆ ಕೋಪಕ್ಕಿಂತ ಮೊದಲು ಬಂದದ್ದು ಖುಷಿ, ಸುಳ್ಳು ಹೇಳುವುದಿಲ್ಲ. ಸಿಕ್ಕಿಬಿದ್ದಳು! ಮುಕ್ಕಾಲು ಮೀಟರಿನಲ್ಲೂ ಕತ್ತರಿಸಿಕೊಂಡು, ಆ ಜಾಗಕ್ಕೆ ಯಾರದೋ ತುಂಡು ಹಚ್ಚಿದ್ದಾಳೆ.

ಟೇಪನ್ನು ಕೊರಳಿಗೆ ಹಾಕಿಕೊಂಡು, ರವಿಕೆಯನ್ನು ಕೈಯಲ್ಲಿ ಹಿಡಿದು ಹೋದೆ. ಹತ್ತು ಗಂಟೆಯ ಹೊತ್ತು. ಅವಳ ಜಗಲಿಯ ಮುಂದೆ ಸೊಪ್ಪಿನವಳು ಬುಟ್ಟಿ ಇಳಿಸಿದ್ದಳು. ಎದುರು ಮನೆಯ ಅತ್ತೆ ಸೊಸೆ ಇಬ್ಬರೂ ಚೌಕಾಸಿ ಮಾಡುತ್ತಿದ್ದರು. ನನಗೂ ಅದೇ ಬೇಕಾಗಿತ್ತು.

"ನನ್ ಬಟ್ಟೆ ಎಲ್ಲಿ?" ಎಂದೆ.

"ಎಲ್ಲ ಅದರಲ್ಲೇ ಇದೆ ಅಕ್ಕ. ಸಾಲ್ಲಿಲ್ಲ, ಅದಕ್ಕೆ ನಂದು ಸ್ವಲ್ಪ ಸೇರ್ಸಿದೆ."

"ಬಲಗಡೆ ಸಾಕಾಯ್ತು, ಎಡಗಡೆ ಮಾತ್ರ ಸಾಲ್ಲಿಲ್ವಾ? ನಾನೇನು ಸೊಟ್ಟ ಹುಟ್ಟಿದೀನಾ?"

ಸೊಸೆ ಕಿಸಕ್ಕನೆ ನಕ್ಕಳು. ಪಕ್ಕದ ಮನೆಯವಳ ಮುಖ ಕೆಂಪಾಯಿತು. "ಒಳಗೆ ಬನ್ನಿ ಅಕ್ಕ. ಒಂದು ಮಾತಿದೆ."

"ಏನ್ ಮಾತಿದ್ರೂ ಇಲ್ಲೇ ಹೇಳು. ಕದ್ದಿಲ್ಲ ಅಂತ ಇವರ ಮುಂದೆ ಹೇಳು. ಆ ಮೂರು ಟ್ರಂಕು ಯಾರ್ ಯಾರ್ ಬಟ್ಟೆ ಅಂತ ಹೇಳು, ಕಳ್ಳಿ!"

ಅತ್ತೆ, "ಸಾಕು ಬಿಡೇ, ಒಂದು ತುಂಡು ಬಟ್ಟೆಗೆ..." ಎಂದರು. ಪಕ್ಕದ ಮನೆಯವಳು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡೆ. ಆದರೆ ಮೂರೂ ಟ್ರಂಕುಗಳನ್ನು ಒಂದೊಂದಾಗಿ ದರದರ ಎಳೆದುಕೊಂಡು ಬಂದು ಜಗಲಿಯ ಮೇಲೆ ಮುಚ್ಚಳ ತೆರೆದಳು. "ನಿಮ್ದು ಯಾವುದು, ತೆಕ್ಕೊಳಿ" ಎಂದಳು.

ನಾನು ನಾಚಲಿಲ್ಲ. ಕೂತು ಎರಡೂ ಕೈಯಿಂದ ಬಗೆದೆ. ಅವಳು ಎದುರಿಗೆ ಕೂತಳು. ಒಂದೊಂದು ಬಟ್ಟೆಯೂ ನಾಲ್ಕು ಮಡಿಕೆ, ಅಂಚು ಕತ್ತರಿಸದ್ದು. ನನ್ನ ನಾಲ್ಕು ವರ್ಷದ ರವಿಕೆಗಳ ಬಣ್ಣ ಯಾವುದೂ ಇಲ್ಲ. ಕೊನೆಯ ಟ್ರಂಕಿನ ತಳದಲ್ಲಿ ಸಿಕ್ಕಿತು ಆ ಕಪ್ಪು ಕೆಂಪು. ಒಂದು ಮೂಲೆಯಿಂದ ಮೂರು ಬೆರಳಗಲ ಕತ್ತರಿಸಿತ್ತು. ಎಷ್ಟೋ ವರ್ಷ ಮಡಿಸಿಟ್ಟು ಮಡಿಕೆಯ ಗೆರೆಗಳಲ್ಲಿ ಬಣ್ಣ ಮಾಸಿತ್ತು.

"ಇದು ಯಾರ್ದು?"

"ನಮ್ಮಕ್ಕನ್ದು. ಈ ಟ್ರಂಕೆಲ್ಲ ಅವಳದೇ. ಕಂಡ ಬಟ್ಟೆ ಎಲ್ಲ ತರೋಳು, ನೀನು ಹೊಲಿ ಅಂತ ನನ್ನ ಕೈಗೆ ಕೊಡೋಳು."

"ಎಲ್ಲಿದಾಳೆ?"

ನಮ್ಮಿಬ್ಬರ ತಲೆಯೂ ಟ್ರಂಕಿನೊಳಗೆ ಬಗ್ಗಿತ್ತು. ಹೊರಗೆ ಸೊಪ್ಪಿನವಳು ದಂಟಿನ ರೇಟು ಕೂಗುತ್ತಿದ್ದಳು. ಆಗ ಅವಳು ಬಟ್ಟೆಗಳಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದಳು, "ಇಲ್ಲ. ಅವಳಿಗೂ ಎಡಗಡೇನೇ ಹಿಡೀತಿತ್ತು. ಮೂರು ಸಲ ಹೊಲಿಗೆ ಬಿಚ್ಚಿ ಸಡಿಲ ಮಾಡ್ಕೊಟ್ಟೆ. ದಪ್ಪ ಆಗ್ತಿದೀಯ ಅಂತ ತಮಾಷೆ ಬೇರೆ ಮಾಡಿದ್ದೆ. ನಾಲ್ಕನೇ ಸಲ ಬಿಚ್ಚೋಕೆ ಬಟ್ಟೆ ಇರ್ಲಿಲ್ಲ. ಆಗ ಡಾಕ್ಟ್ರ ಹತ್ರ ಹೋದ್ವಿ. ತಡವಾಗೋಗಿತ್ತು... ಕೈಯಿಂದ ಮುಟ್ಟಿ ನೋಡ್ದೆ ನಿಮಗೆ ಹೇಗೆ ಬಾಯಿಬಿಟ್ಟು ಅನ್ಲಿ? ಅದಕ್ಕೇ ಅಳತೆ ಅಳತೆ ಅಂತ ಬಡ್ಕೊಂಡಿದ್ದು."

ನಾನು ಎದ್ದು ಮನೆಗೆ ಬಂದೆ. ಕದ್ದವಳು ಹೆದರಿಸಿ ಬಾಯಿ ಮುಚ್ಚಿಸುತ್ತಿದ್ದಾಳೆ ಎಂದು ಮಧ್ಯಾಹ್ನದವರೆಗೂ ಅಂದುಕೊಂಡೆ. ಮಧ್ಯಾಹ್ನ ಬಚ್ಚಲಿನ ಬಾಗಿಲು ಹಾಕಿಕೊಂಡು ಎಡ ಕಂಕುಳಿಗೆ ಬೆರಳು ಒತ್ತಿದೆ. ಇತ್ತು. ಅವರೆಕಾಳಿಗಿಂತ ದೊಡ್ಡ ಗಂಟು, ಕಲ್ಲಿನ ಹಾಗೆ. ನೋವಿರಲಿಲ್ಲ. ಹೊರಗೆ ಬಂದು ಆ ತೇಪೆಯ ರವಿಕೆ ತೊಟ್ಟುನೋಡಿದೆ. ಎಲ್ಲೂ ಹಿಡಿಯಲಿಲ್ಲ. ಮೈಗೆ ಸರಿಯಾಗಿ ಕೂತಿತು.

ದೊಡ್ಡಾಸ್ಪತ್ರೆಯಲ್ಲಿ ಎಡಗಡೆಯ ಎದೆಯನ್ನೇ ಪೂರಾ ತೆಗೆದರು. ಇನ್ನಾರು ತಿಂಗಳು ಬಿಟ್ಟಿದ್ದರೆ ಕೈಮೀರುತ್ತಿತ್ತು ಎಂದರು ಡಾಕ್ಟರು. ಮನೆಗೆ ಬಂದ ಮೇಲೆ ರವಿಕೆ ಒಂದು ಕಡೆ ಜೋತುಬಿದ್ದು, ನಾನು ಸೆರಗನ್ನು ಸುತ್ತಿ ಸುತ್ತಿ ಹೊದೆಯುತ್ತಿದ್ದೆ. ಅವಳು ಟ್ರಂಕಿನಿಂದ ಬಿಳಿ ಮಲ್ಲು ತೆಗೆದು ಆ ಖಾಲಿ ಕಡೆಗೆ ಒಂದು ಪುಟ್ಟ ಚೀಲ ಹೊಲಿದಳು. ಒಳಗೆ ಹತ್ತಿ ತುಂಬಿದರೆ ಹಗುರವಾಗಿ ಮೇಲಕ್ಕೆ ಬರುತ್ತಿತ್ತು. ತೂಕಕ್ಕೆ ಸಾಸಿವೆ ಸೇರಿಸಿದಳು.

"ಸಾಸಿವೆ ನಮ್ಮನೇದು ಕೊಡ್ತೀನಿ" ಎಂದೆ. "ಪಾವು ಸಾಕು. ಉಳಿದದ್ದು ವಾಪಸ್ ಕೊಡು."

"ಒಂದ್ ಕಾಳೂ ಬಿಡದೆ ಎಣಿಸಿ ಕೊಡ್ತೀನಿ" ಎಂದು ನಕ್ಕಳು. ಆ ದಿನ ನಾನೂ ನಕ್ಕೆ.

ಕಳ್ಳಿ ಎಂದದ್ದನ್ನು ನಾನು ವಾಪಸು ತೆಗೆದುಕೊಳ್ಳಲಿಲ್ಲ. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಆರು ವರ್ಷದ ಮೇಲೆ ಗುಮಾಸ್ತರಿಗೆ ನಿವೃತ್ತಿಯಾಗಿ ತ್ಯಾಗರಾಜನಗರಕ್ಕೆ ಮನೆ ಬದಲಾಯಿಸಿದರು. ಟ್ರಂಕುಗಳನ್ನು ಗಾಡಿಗೆ ಏರಿಸುವಾಗ ನಾನು ಜಗಲಿಯಲ್ಲಿ ನಿಂತಿದ್ದೆ. ಹೋಗುವಾಗ ಅವಳು ನಾಲ್ಕು ಬಿಳಿ ಚೀಲಗಳನ್ನು ಮಡಿಲಿಗೆ ಹಾಕಿ, "ಸಾಸಿವೆ ಮಾತ್ರ ನಿಮ್ದೇ ಅಕ್ಕ" ಎಂದಳು. ಹೋಗಿ ನೋಡಬೇಕು ಎಂದುಕೊಂಡೇ ವರ್ಷಗಳು ಕಳೆದವು. ಬಸ್ಸಿನಲ್ಲಿ ಕೂತರೆ ಎಷ್ಟು ದೂರ... ಅವಳು ತೀರಿಹೋದ ಸುದ್ದಿ ನನಗೆ ತಿಳಿದದ್ದು ತಿಥಿಯೆಲ್ಲ ಮುಗಿದ ಮೇಲೆ. ಟ್ರಂಕಿನ ಬಟ್ಟೆ ಏನಾಯಿತು ಎಂದು ಕೇಳಿದೆ. ಅದೇ ಕೇಳಬೇಕಾದ ಮಾತಲ್ಲ, ಆದರೂ ಬಾಯಿಗೆ ಬಂದದ್ದು ಅದೇ. ಮಕ್ಕಳು ಯಾರಿಗೋ ಕೊಟ್ಟುಬಿಟ್ಟರಂತೆ.

ಅವಳು ಕೊಟ್ಟ ನಾಲ್ಕು ಚೀಲಗಳೂ ಹರಿದುಹೋದವು. ಈಗ ನಾನೇ ಕೈಯಲ್ಲಿ ಹೊಲಿದುಕೊಳ್ಳುತ್ತೇನೆ. ಸೊಟ್ಟಗಾಗುತ್ತದೆ. ಸಾಸಿವೆ ಸೋರಿ ಮನೆಯೆಲ್ಲ ಬೀಳುತ್ತದೆ, ನನ್ನ ಸೊಸೆ ಗೊಣಗುತ್ತಾಳೆ. ಎಂಬತ್ತು ತುಂಬಿತು. ಆ ತೇಪೆಯ ರವಿಕೆ ಇನ್ನೂ ಇದೆ, ಮೈಗೆ ಆಗುವುದಿಲ್ಲ.

ಒಂದು ವಿಷಯ ಬಿಟ್ಟೆ. ಜಗಳವಾಡಿದ ಮಾರನೆಯ ಬೆಳಿಗ್ಗೆ ನಾನು ಒಲೆ ಹಚ್ಚುವ ಮುಂಚೆ, ಕೊರಳಲ್ಲಿ ಹಾಕಿಕೊಂಡು ಹೋಗಿದ್ದ ಈ ಟೇಪನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ. ಅವಳ ಮನೆಗೆ ಹೋದೆ. ಅವಳು ಆಗತಾನೆ ರಂಗೋಲಿ ಇಟ್ಟು ಎದ್ದಿದ್ದಳು, ಬೆರಳಲ್ಲಿ ಇನ್ನೂ ಹಿಟ್ಟಿತ್ತು. ಅವಳನ್ನು ದಾಟಿಕೊಂಡು ಒಳಗೆ ಹೋಗಿ, ಮಿಷನ್ನಿನ ಪಕ್ಕ ನಿಂತು, ಸೆರಗು ಇಳಿಸಿ ಎರಡೂ ಕೈ ಮೇಲೆತ್ತಿದೆ.

"ತಗೋ, ಅಳತೆ ತಗೋ" ಎಂದೆ.