ಉಪ್ಪು ನೀರಲ್ಲಿ ತೊಳೆದ ಕಾರು

ಸುಟ್ಟ ಚರ್ಮ ಬೆವರುವುದಿಲ್ಲ ಎಂದು ಮಣಿಪಾಲದ ಡಾಕ್ಟರರು ಹೇಳಿದಾಗ ನನಗೆ ಅದು ದೊಡ್ಡ ಸಂಗತಿ ಅನ್ನಿಸಲಿಲ್ಲ. ಗಲ್ಫಿನಲ್ಲಿ ಕ್ಯಾಂಪಿನ ಅಡುಗೆಮನೆಯಲ್ಲಿ ಗ್ಯಾಸ್ ಸಿಡಿದು ನನ್ನ ಗಂಡನ ಕುತ್ತಿಗೆ, ಎದೆ, ಬೆನ್ನು, ಎರಡೂ ಕೈ ಬೆಂದಿದ್ದವು. ಜೀವ ಉಳಿದಿದೆ, ಬೆವರು ಇಲ್ಲದಿದ್ದರೆ ಏನಾಯಿತು ಎಂದುಕೊಂಡೆ. ಏಪ್ರಿಲ್ ಬಂದಾಗ ಗೊತ್ತಾಯಿತು. ಸೆಕೆ ಅವರ ಒಳಗೇ ಕೂರುತ್ತಿತ್ತು. ಒದ್ದೆ ಬೈರಾಸು ಹೊದ್ದು ಸಿಮೆಂಟಿನ ನೆಲದ ಮೇಲೆ ಮಲಗಿ ನಾಯಿಯ ಹಾಗೆ ಏದುಸಿರು ಬಿಡುತ್ತಿದ್ದರು.

ಬಲಗೈಯ ಬೆರಳುಗಳು ಒಂದಕ್ಕೊಂದು ಅಂಟಿ ಮುಷ್ಟಿಯಾಗಿದ್ದವು. ಎಡಗೈಯ ಬೆರಳು ಮಡಚುತ್ತಲೇ ಇರಲಿಲ್ಲ. ಮಣಿಪಾಲದಲ್ಲಿ ಬಲಗೈಯನ್ನು ಸ್ವಲ್ಪ ಸ್ವಲ್ಪವೇ ಕೊಯ್ದು ಬಿಡಿಸುತ್ತಿದ್ದರು. ವಾರವಾರ ಹೋಗಿ ಬೆರಳು ಎಳೆಸಿಕೊಂಡು ಬರಬೇಕು, ತಪ್ಪಿಸಿದರೆ ಮತ್ತೆ ಅಂಟುತ್ತದೆ ಎಂದಿದ್ದರು. ಇವರಿಗೆ ಇದ್ದ ಆಸೆ ಒಂದೇ. "ನನ್ನ ಅನ್ನ ನಾನೇ ಕಲಸಿ ಉಣ್ಣುವ ಹಾಗಾದರೆ ಸಾಕು" ಎನ್ನುತ್ತಿದ್ದರು.

ಕಾಪುವಿನಿಂದ ಒಮ್ಮೆ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಉದ್ಯಾವರದ ಸೇತುವೆ ದಾಟುವಾಗ ಪ್ರಜ್ಞೆ ತಪ್ಪಿ ಪಕ್ಕದವಳ ಮೀನಿನ ಬುಟ್ಟಿಯ ಮೇಲೆ ಬಿದ್ದರು. ಅವಳು ಬೈಯಲು ಬಾಯಿ ತೆರೆದವಳು ಇವರ ಕುತ್ತಿಗೆ ನೋಡಿ ಬುಟ್ಟಿ ಆಚೆ ಸರಿಸಿದಳು. ಬೆಳಿಗ್ಗೆ ಬೇಗ ಹೊರಟರೂ ಆಸ್ಪತ್ರೆಯಿಂದ ಬಿಡುವಾಗ ನಡು ಮಧ್ಯಾಹ್ನ ಆಗುತ್ತಿತ್ತು. ಹಾಗಾಗಿ ಕಂಪನಿ ಕೊಟ್ಟ ಪರಿಹಾರದಲ್ಲಿ ಮೈದುನ ಬೊಂಬಾಯಿಯಿಂದ ಏ.ಸಿ. ಕೂರಿಸಿದ ಹಳೆ ಕಾರೊಂದನ್ನು ತಂದ. ಸುಟ್ಟುಕೊಂಡು ಬಂದವನ ಶೋಕಿ ನೋಡು ಎಂದರು ಊರಿನವರು. ಹೇಳಿಕೊಳ್ಳಲಿ. ಆ ಕಾರಿನಲ್ಲಿ ಇವರು ಕಣ್ಣು ಮುಚ್ಚಿ ನಿದ್ದೆ ಮಾಡಿದ್ದನ್ನು ನಾನು ನೋಡಿದ್ದೇನೆ.

ಅತ್ತೆಗೆ ಮಗನ ಮೈ ಮುಟ್ಟುವ ಹಾಗಿರಲಿಲ್ಲ, ಮುಟ್ಟಿದರೆ ನೋವು. ಅವರು ಕಾರಿನ ಮೈ ಉಜ್ಜಿದರು. ದಿನಾ ಬೆಳಿಗ್ಗೆ ನಮ್ಮ ಬಾವಿಯಿಂದ ನೀರು ಸೇದಿ, ಎದುರಿನ ಜಾಲರಿಯ ಸಂದಿಗೆಲ್ಲ ಎರಚಿ ತೊಳೆಯುತ್ತಿದ್ದರು. ಸಮುದ್ರದ ಬದಿಯ ಬಾವಿ, ಮಳೆ ಹೋಗಿ ಸ್ವಲ್ಪ ದಿನ ಆದರೆ ಉಪ್ಪು. ಅದರಲ್ಲಿ ಬೇಳೆ ಬೇಯುವುದಿಲ್ಲ. ಕುಡಿಯಲು ರಸ್ತೆಯ ಆಚೆ ಮನೆಯಿಂದ ತರುತ್ತಿದ್ದೆವು. ಕಾರು ತೊಳೆಯಲು ಯಾವ ನೀರಾದರೇನು ಎಂದೇ ಎಲ್ಲರೂ ತಿಳಿದದ್ದು.

ಮರುವರ್ಷದ ಬೇಸಿಗೆಯಲ್ಲಿ ಒಂದು ದಿನ ಕಟಪಾಡಿ ತಲುಪುವ ಮೊದಲೇ ಗಾಳಿ ಬಿಸಿಯಾಯಿತು.

"ಏ.ಸಿ. ಹಾಕಿದ್ದೀಯಾ, ಒಲೆ ಹಾಕಿದ್ದೀಯಾ?" ಎಂದರು ಇವರು.

"ಫ್ಯಾನ್ ತಿರುಗ್ತಾ ಉಂಟಲ್ವಾ ಅಣ್ಣ," ಎಂದ ಮೈದುನ.

"ಫ್ಯಾನ್ ತಿರುಗಿ ಎಂತ ಮಾಡುವುದು? ಕಾರು ತಿರುಗಿಸು ಮಾರಾಯ."

ಆ ವಾರ ತಪ್ಪಿತು. ಉಡುಪಿಯ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ನೋಡಿ, ಇದು ನಮ್ಮ ಕೈಯಲ್ಲಿ ಆಗುವುದಲ್ಲ ಎಂದರು. ಮುಂದಿನ ವಾರವೂ ತಪ್ಪಿತು. ಕೊನೆಗೆ ಕಾರ್ಕಳದಲ್ಲಿ ಫ್ರಿಜ್ಜು ರಿಪೇರಿ ಮಾಡುವ ಮೇಸ್ತ್ರಿಯೊಬ್ಬರು ಏ.ಸಿ.ಗೆ ತುಂಬುವ ಗ್ಯಾಸಿನ ಸಿಲಿಂಡರನ್ನು ಗೋಣಿಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬಂದರು.

"ಕಂಡಕ್ಟರನಿಗೆ ಎಂತ ಹೇಳಿದಿರಿ?" ಎಂದು ಮೈದುನ ಕೇಳಿದ.

"ಮದುವೆ ಮನೆಯ ತುಪ್ಪ ಅಂತ. ಊಟಕ್ಕೆ ಅವನೂ ಬರ್ತಾನಂತೆ."

ಇವರು ಕೂಡ ನಕ್ಕರು.

ಮೇಸ್ತ್ರಿ ಗ್ಯಾಸು ತುಂಬಿಸಿ, ಸೋಪಿನ ನೊರೆ ಮಾಡಿ, ಜಾಲರಿಯ ಹಿಂದಿನ ಸಣ್ಣ ಸಣ್ಣ ಕೊಳವೆಗಳಿಗೆ ಹಚ್ಚಿದರು. ಸೋರುವಲ್ಲಿ ಗುಳ್ಳೆ ಏಳುತ್ತದೆ ಎಂದರು. ಒಂದೆರಡು ಕಡೆ ಅಲ್ಲ, ಅನ್ನ ಕುದಿದ ಹಾಗೆ ಎದ್ದಿತು. ಕೊಳವೆಯ ಸುತ್ತಲಿನ ತಗಡು ಬೆರಳು ಮುಟ್ಟಿದಲ್ಲಿ ಬಿಳಿ ಪುಡಿಯಾಗಿ ಉದುರಿತು. ಅವರು ಬಾವಿಕಟ್ಟೆಯ ಬಾಲ್ದಿಗೆ ಬೆರಳು ಅದ್ದಿ ನೆಕ್ಕಿ ಉಗಿದರು.

"ಈ ನೀರಲ್ಲಿ ತೊಳೆಯುವುದಾ? ಉಪ್ಪು ತಿಂದು ಹಾಕಿದೆಯಲ್ಲ! ಯಾರು ಮಾರಾಯ್ರೆ ತೊಳೆಯುವುದು?"

ಅತ್ತೆ ಅಲ್ಲೇ ನಿಂತಿದ್ದರು, ಸೊಂಟದಲ್ಲಿ ಕೊಡಪಾನ.

"ನಾನೇ," ಎಂದರು ನನ್ನ ಗಂಡ.

ಮೇಸ್ತ್ರಿ ಅವರ ಕೈಗಳನ್ನು ನೋಡಿದರು. ಬಾವಿಯ ಹಗ್ಗವನ್ನೂ ಹಿಡಿಯಲಾಗದ ಕೈಗಳು. ಆಮೇಲೆ ನೆಲ ನೋಡಿಕೊಂಡು, "ಇನ್ನು ತೊಳೆಯಬೇಡಿ ಅಣ್ಣ," ಎಂದರು. ಅತ್ತೆ ಕೊಡಪಾನ ಅಲ್ಲೇ ಇಟ್ಟು ಒಳಗೆ ಹೋದರು. ಮಧ್ಯಾಹ್ನ ಊಟಕ್ಕೂ ಬರಲಿಲ್ಲ.

ಬೆಸುಗೆ ಹಿಡಿದಲ್ಲೆಲ್ಲ ಹಾಕಿ ಮೇಸ್ತ್ರಿ ಹೋದರು. ಹೆಚ್ಚು ದಿನ ನಿಲ್ಲದು, ಹೊಸದೇ ಹಾಕಬೇಕು ಎಂದಿದ್ದರು. ಒಂದು ಸಲ ತಣ್ಣಗೆ ಮಣಿಪಾಲ ಮುಟ್ಟಿದೆವು. ಬೆರಳು ಬಿಡಿಸಿದ ಕಡೆ ಚರ್ಮ ಆಗಲೇ ಎಳೆದುಕೊಂಡಿತ್ತು, ಡಾಕ್ಟರರು ನನ್ನನ್ನು ಬೈದರು. ಹಿಂದೆ ಬರುವಾಗಲೇ ಬಿಸಿ ಗಾಳಿ ಶುರುವಾಯಿತು. ಇವರು ಕಿಟಕಿಗೆ ತಲೆ ಕೊಟ್ಟು ವಾಂತಿ ಮಾಡಿದರು. ಹೊಸ ಸಾಮಾನಿಗಾಗಿ ಮಂಗಳೂರು, ಬೊಂಬಾಯಿ ಎಲ್ಲ ವಿಚಾರಿಸಿದೆವು. ಆ ಹಳೆ ಕಾರಿಗೆ ಹೊಂದುವಂಥದ್ದು ಸಿಗಲಿಲ್ಲ.

ಮಳೆ ಹಿಡಿದು ತಂಪಾದ ಮೇಲೆ ಹೋದರೆ ಕೈ ಪುನಃ ಮುಷ್ಟಿಯಾಗಿತ್ತು. ಮೊದಲಿನಿಂದ ಕೊಯ್ಯಬೇಕು ಎಂದರು. ಇವರು ಸಾಕು ಎಂದರು. ನಾನು ಜಗಳ ಮಾಡಿದೆ, ಇವರು ಕೇಳಲಿಲ್ಲ. ಮತ್ತೆ ಹೋಗಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅಂಗಳದಲ್ಲಿ ನೀರಿನ ಸದ್ದು ಕೇಳಿ ಹೊರಗೆ ಬಂದೆ. ಅತ್ತೆ ಕಾರು ತೊಳೆಯುತ್ತಿದ್ದರು. ಸೆರಗು ಹೆಗಲವರೆಗೆ ಒದ್ದೆ.

"ಇನ್ನು ಎಂತಕ್ಕೆ ಮಾಮಿ?" ಎಂದೆ.

"ಇದು ಆಚೆ ಮನೆಯ ನೀರು," ಎಂದರು, ತಿರುಗಿ ನೋಡದೆ. "ನೀನು ಹೋಗಿ ಅವನಿಗೆ ಗಂಜಿ ತಿನ್ನಿಸು."